ಸಿಗದವರೆಲ್ಲ ಸತ್ತವರಲ್ಲ

ಎರಡನೇ ಮಹಾಯುದ್ಧದ ಕೊನೆಗೆ ಮತ್ತು ಅದರ ನಂತರ ಯುಗೊಸ್ಲಾವಿಯಾದಲ್ಲಿದ್ದ ಜರ್ಮನ್ ಜನರಿಗೆ ಏನಾಯಿತು ಅಂತ ಹೋದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಸಾಗರದ ಓದುಗರೊಬ್ಬರು ಬರೆದಿದ್ದಾರೆ: ‘ಸತ್ತವರು 1 ಲಕ್ಷ 35 ಸಾವಿರ ಅಂತ ಒಂದು ಪುಟದಲ್ಲಿದೆ, 58 ಸಾವಿರ ಅಂತ ಇನ್ನೊಂದರಲ್ಲಿ. ಯಾವುದು ಸರಿ? ಅಷ್ಟಕ್ಕೂ ಹಿಟ್ಲರ್ ಕಡೆಯವರಿಗಾಗಿ ನಾವ್ಯಾಕೆ ಮರುಗಬೇಕು?’

ಸಂಪಾದಕರ ಉತ್ತರ: ಮೊದಲನೆಯದರಲ್ಲಿ ತಪ್ಪು ನಮ್ಮದೇ. ದೊಡ್ಡ ಅಂಕಿ ಕಳೆಯುವ ಲೆಕ್ಕದ್ದು. ಪಶ್ಚಿಮ ಜರ್ಮನಿಯ ಅಂಕಿಅಂಶ ಕಚೇರಿ 1958ರಲ್ಲಿ ಕೊಟ್ಟಿದ್ದು. ಯುದ್ಧಕ್ಕೆ ಮುಂಚೆ ಯುಗೊಸ್ಲಾವಿಯಾದಲ್ಲಿ ಸುಮಾರು 5 ಲಕ್ಷ ಜರ್ಮನ್ನರಿದ್ದರು. ಬೇರೆ ದೇಶ ಸೇರಿದವರನ್ನು, ಅಲ್ಲೇ ಉಳಿದವರನ್ನು, ಸೈನಿಕರಾಗಿ ಸತ್ತವರನ್ನು ಕಳೆದರು. ಪತ್ತೆಯಾಗದೆ ಉಳಿದದ್ದು ಅಷ್ಟು. ಜಾತ್ರೆಗೆ ಹತ್ತು ಜನ ಹೋಗಿ ಆರು ಜನ ವಾಪಸ್ ಬಂದರೆ ನಾಲ್ವರು ಸಿಗಲಿಲ್ಲ ಅನ್ನಬಹುದು. ತಿಥಿ ಮಾಡೋಕೆ ಆಗಲ್ಲ, ಅಲ್ವಾ?

58 ಸಾವಿರ ಹೆಸರು ಹಿಡಿದು ಎಣಿಸಿದ್ದು. ಊರು ಬಿಟ್ಟು ಬಂದವರು ಜೊತೆಗೆ ಕೂತು ತಮ್ಮ ತಮ್ಮ ಊರಿನ ಸತ್ತವರ ಪಟ್ಟಿ ಬರೆದರು. ನನಗೆ ನಂಬಿಕೆ ಇರುವುದು ಈ ಲೆಕ್ಕದ ಮೇಲೆ. ಇದು ಸ್ವಲ್ಪ ಕಡಿಮೆಯೇ ಇರಬಹುದು. ಮನೆಮಂದಿಯೆಲ್ಲ ಹೋಗಿಬಿಟ್ಟ ಕಡೆ ಹೆಸರು ಹೇಳೋಕೆ ಯಾರಿರುತ್ತಾರೆ?

ಎರಡನೇ ಪ್ರಶ್ನೆಯನ್ನು ಸುಮ್ನೆ ತಳ್ಳಿಹಾಕುವುದಿಲ್ಲ. 1941ರಲ್ಲಿ ಹಿಟ್ಲರನ ಸೈನ್ಯ ಯುಗೊಸ್ಲಾವಿಯಾವನ್ನು ಹಿಡಿದ ಮೇಲೆ ಅಲ್ಲಿನ ಬನಾಟ್ ಪ್ರದೇಶದ ಆಡಳಿತ ಸ್ಥಳೀಯ ಜರ್ಮನ್ನರ ಕೈಲಿತ್ತು. ಅಲ್ಲಿನ ಯಹೂದಿಗಳನ್ನು ಹೊರಹಾಕಿ ಸಾವಿಗೆ ದೂಡಿದ್ದು ಆಗಲೇ. 1942ರಲ್ಲಿ ಹುಟ್ಟಿದ ‘ಪ್ರಿನ್ಸ್ ಯೂಜೆನ್’ ಎಂಬ ಎಸ್‌ಎಸ್ (ನಾಜಿ ಪಕ್ಷದ ಸಶಸ್ತ್ರ ದಳ) ಪಡೆಗೆ ಇಲ್ಲಿನ ಗಂಡಸರು ಸೇರಿದರು; ಎಷ್ಟೋ ಜನರನ್ನು ಬಲವಂತವಾಗಿಯೂ ಸೇರಿಸಿಕೊಂಡರು. ಆ ಪಡೆ ಹಳ್ಳಿಹಳ್ಳಿಗಳನ್ನು ಸುಟ್ಟಿದೆ.

ಆದರೆ ಹಿಟ್ಲರನ ವಿರುದ್ಧ ಹೋರಾಡಿದ ಟಿಟೊನ ಗೆರಿಲ್ಲಾಗಳು, ಅಂದರೆ ಪಾರ್ಟಿಸಾನರು, 1944ರ ನವೆಂಬರ್ 21ರಂದು ಹೊರಡಿಸಿದ ಆದೇಶ ತಪ್ಪು ಮಾಡಿದವರನ್ನು ಹುಡುಕಲಿಲ್ಲ. ಪಾರ್ಟಿಸಾನರ ಜೊತೆ ಹೋರಾಡಿದಂಥ ಕೆಲವರನ್ನು ಬಿಟ್ಟು ಜರ್ಮನ್ ಅನ್ನಿಸಿಕೊಂಡವರ ಆಸ್ತಿಯನ್ನೆಲ್ಲ ಕಿತ್ತುಕೊಂಡಿತು. ಅಷ್ಟು ಹೊತ್ತಿಗೆ ತುಂಬಾ ಜನ ಜರ್ಮನ್ ಸೈನ್ಯದ ಜೊತೆ ಓಡಿಹೋಗಿದ್ದರು. ಉಳಿದವರಲ್ಲಿ ಹೆಂಗಸರು, ಮುದುಕರು, ಮಕ್ಕಳೇ ಜಾಸ್ತಿ. ಗಟ್ಟಿಮುಟ್ಟಾದ ಸುಮಾರು 12 ಸಾವಿರ ಜನರನ್ನು ಸೋವಿಯತ್ ಗಣಿಗಳಿಗೆ, ಕಾರ್ಖಾನೆಗಳಿಗೆ ಸಾಗಿಸಿದರು.

ದುಡಿಯಲಾಗದವರು? ಟಿಸಾ ನದಿ ದಂಡೆಯ ರುಡಾಲ್ಫ್ಸ್‌ಗ್ನಾಡ್ ಎಂಬ ಹಳ್ಳಿ ನೋಡಿ. ಈಗಿನ ಹೆಸರು ಕ್ನಿಚಾನಿನ್. 1945ರ ಅಕ್ಟೋಬರಿನಿಂದ ಇಡೀ ಊರೇ ಶಿಬಿರ. ಮನೆ ತುಂಬ ಹುಲ್ಲು ಹಾಸಿ ಜನರನ್ನು ಒತ್ತೊತ್ತಾಗಿ ಮಲಗಿಸಿದರು. ಊಟ ಅಂದರೆ ಮೆಕ್ಕೆಜೋಳದ ಗಂಜಿ, ಅದಕ್ಕೂ ಉಪ್ಪಿಲ್ಲ. ಮೊದಲ ಚಳಿಗಾಲದಲ್ಲೇ ಹೇನಿನಿಂದ ಹರಡುವ ಟೈಫಸ್ ಜ್ವರ ಬಂತು. 1948ರಲ್ಲಿ ಮುಚ್ಚುವ ಹೊತ್ತಿಗೆ ಅಲ್ಲಿ ಸುಮಾರು 11 ಸಾವಿರ ಜನ ಸತ್ತಿದ್ದರು. ಬಹುಪಾಲು ಹೆಣಗಳನ್ನು ಊರಾಚೆಯ ತೆಲೆಚ್ಕಾ ಎಂಬ ದಿಬ್ಬದಲ್ಲಿ ಸಾಮೂಹಿಕ ಗುಂಡಿಗಳಲ್ಲಿ ಹೂತರು. ಅವರಲ್ಲಿ ನಾಕು ವರ್ಷದ ಮಕ್ಕಳೂ ಇದ್ದರು. ಅವರನ್ನು ಯಾವ ಕಡೆಯವರು ಅಂತ ಬರೆದುಕೊಳ್ಳೋಣ, ನೀವೇ ಹೇಳಿ.

ಹಳೆಯ ಸಂಚಿಕೆ ಇಟ್ಟುಕೊಂಡಿರುವವರು ಒಂದು ತಿದ್ದುಪಡಿ ಮಾಡಿಕೊಳ್ಳಿ. 1 ಲಕ್ಷ 35 ಸಾವಿರದ ಮುಂದೆ ‘ಸತ್ತವರು’ ಅಂತಿರುವುದನ್ನು ಹೊಡೆದು ‘ಪತ್ತೆಯಾಗದವರು’ ಅಂತ ಬರೆಯಿರಿ.