ಜೆಲ್ ಹಚ್ಚಲು ಹೆದರಬೇಕಾ?

ಅಕ್ಕ, ನಿಮಗೆ 46 ವಯಸ್ಸು, ಮುಟ್ಟು ಏರುಪೇರು, ರಾತ್ರಿ ಮೈಯೆಲ್ಲ ಬೆವರಿ ನಿದ್ದೆ ಇಲ್ಲ. ಮುಟ್ಟು ನಿಲ್ಲುವ ಸಮಯದ ಈ ತೊಂದರೆಗೆ ಡಾಕ್ಟರ್ ಈಸ್ಟ್ರೋಜನ್ ಜೆಲ್ ಮತ್ತು ಪ್ರೊಜೆಸ್ಟರಾನ್ ಮಾತ್ರೆ ಬರೆದಿದ್ದಾರೆ, ಎರಡೂ ಹೆಣ್ಣು ಹಾರ್ಮೋನ್. ಕ್ಯಾನ್ಸರ್ ಬರುತ್ತೆ ಅಂತ ನಾದಿನಿ ಹೆದರಿಸಿದ್ದಾರೆ, ಅಲ್ವಾ?

ಆ ಭಯ ಹೆಚ್ಚಾಗಿ ಹಬ್ಬಿದ್ದು 2002ರ ಅಮೆರಿಕದ ಒಂದು ದೊಡ್ಡ ಅಧ್ಯಯನದಿಂದ. ಅದರಲ್ಲಿದ್ದ ಹೆಂಗಸರ ಸರಾಸರಿ ವಯಸ್ಸು 63. ಅವರು ನುಂಗಿದ್ದು ಬೇರೆ ಬಗೆಯ ಹಾರ್ಮೋನ್. ಎರಡೂ ಹಾರ್ಮೋನ್ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಜಾಸ್ತಿಯಾಗಿದ್ದು ನಿಜ: ವರ್ಷಕ್ಕೆ 10,000 ಜನರಲ್ಲಿ ಸುಮಾರು 8 ಮಂದಿಗೆ ಹೆಚ್ಚಾಗಿ ಬಂತು. ಅಪಾಯ ಇಲ್ಲವೇ ಇಲ್ಲ ಅಂತ ನಾನು ಹೇಳಲ್ಲ, ಆದರೆ ಅದರ ಅಳತೆ ನಿಮಗೆ ಗೊತ್ತಿರಲಿ.

ಜೆಲ್ ಚರ್ಮದ ಮೂಲಕ ಹೋಗುವುದರಿಂದ, ಈಸ್ಟ್ರೋಜನ್ ಮಾತ್ರೆಯ ಹಾಗೆ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಹೆಚ್ಚಿಸಿದ್ದು ಕಂಡುಬಂದಿಲ್ಲ. ಪ್ರೊಜೆಸ್ಟರಾನ್ ಮಾತ್ರ ದಯವಿಟ್ಟು ತಪ್ಪಿಸಬೇಡಿ. ಗರ್ಭಕೋಶ ಇರುವವರು ಬರೀ ಈಸ್ಟ್ರೋಜನ್ ತೆಗೆದುಕೊಂಡರೆ ಒಳಪದರ ದಪ್ಪವಾಗುತ್ತದೆ, ಅಲ್ಲಿ ಕ್ಯಾನ್ಸರ್ ಅಪಾಯ ಹೆಚ್ಚುತ್ತದೆ. ಅದನ್ನು ತಡೆಯುವುದೇ ಈ ಮಾತ್ರೆ. ಸ್ವಲ್ಪ ಮಂಪರು ಬರಿಸುವುದರಿಂದ ಮಲಗುವಾಗ ನುಂಗಲು ಹೇಳುತ್ತಾರೆ.

ಜೆಲ್ ಹಚ್ಚಿದ ಮೇಲೆ ಕೈ ತೊಳೆಯಿರಿ, ಒಣಗುವ ತನಕ ಮಕ್ಕಳನ್ನು ಎತ್ತಿಕೊಳ್ಳಬೇಡಿ. ಇನ್ನೊಂದು ಮಾತು, ಇದು ಗರ್ಭನಿರೋಧಕ ಅಲ್ಲ. ಮುಟ್ಟು ಪೂರ್ತಿ ನಿಲ್ಲುವ ತನಕ ಬಸಿರಾಗುವ ಸಾಧ್ಯತೆ ಇದ್ದೇ ಇರುತ್ತದೆ.

ನಿಮಗೆ ಮೊದಲು ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು, ಲಿವರ್ ತೊಂದರೆ ಏನಾದರೂ ಆಗಿತ್ತಾ? ಕಾರಣ ಗೊತ್ತಿಲ್ಲದ ರಕ್ತಸ್ರಾವ ಇದೆಯಾ? ಇದ್ದರೆ ಶುರು ಮಾಡುವ ಮುಂಚೆಯೇ ಡಾಕ್ಟರಿಗೆ ಹೇಳಿ. ಇಲ್ಲದಿದ್ದರೆ ಸುಮ್ನೆ ನರಳಬೇಡಿ ಅಕ್ಕ. ಬೆವರು ಕಡಿಮೆಯಾಗಲು ಕೆಲವು ವಾರ ಬೇಕು, ಮೂರು ತಿಂಗಳಿಗೆ ಮತ್ತೆ ತೋರಿಸಿ.