87 ಅಂಕ ಯಾವುದಕ್ಕೆ ಸಿಕ್ಕಿದ್ದು?

ಓದುಗರ ಪತ್ರ: ವಿಮರ್ಶಕರ ಅಂಕಗಳ ಸರಾಸರಿ ತೋರಿಸುವ ಮೆಟಾಕ್ರಿಟಿಕ್ ಜಾಲತಾಣದಲ್ಲಿ 87 ಅಂಕ ಕಂಡು ‘ಡ್ರ್ಯಾಗನ್ ಬಾಲ್ ಫೈಟರ್ ಝಡ್’ ಎಂಬ ಫೈಟಿಂಗ್ ವಿಡಿಯೊ ಗೇಮ್‌ನ ಪಿಎಸ್4 (ಪ್ಲೇಸ್ಟೇಷನ್ 4) ಆವೃತ್ತಿ ಕೊಂಡೆ. ಕಥೆಯ ಭಾಗ ಅರ್ಧಕ್ಕೇ ಬೇಸರ ಹುಟ್ಟಿಸಿತು. ಆನ್‌ಲೈನ್‌ಗೆ ಹೋದರೆ ಎಲ್ಲರೂ ಹಾರಿಬಂದು ಬಡಿಯುತ್ತಾರೆ, ನಾನು ಒತ್ತಿದ ಬಟನ್ ತಡವಾಗಿ ಕೆಲಸ ಮಾಡುತ್ತದೆ. ವಿಮರ್ಶಕರು ಅನಿಮೆ (ಜಪಾನಿ ಕಾರ್ಟೂನ್) ಅಭಿಮಾನಕ್ಕೆ ಮರುಳಾಗಿ ಅಂಕ ಸುರಿದರೇ?

ಸಂಪಾದಕರ ಉತ್ತರ: ಅಭಿಮಾನಕ್ಕೆ ಮರುಳಾಗುವವರಾಗಿದ್ದರೆ ‘ಜಂಪ್ ಫೋರ್ಸ್’ಗೂ ಸುರಿಯುತ್ತಿದ್ದರು. ಗೋಕು, ನರುಟೊ, ಲೂಫಿ ಎಂಬ ಮೂವರು ಅನಿಮೆ ನಾಯಕರನ್ನೂ ಒಂದೇ ಅಖಾಡಕ್ಕಿಳಿಸಿದ 2019ರ ಆ ಆಟ 60ರ ಗಡಿಯನ್ನೂ ಮುಟ್ಟಲಿಲ್ಲ. ಎರಡನ್ನೂ ಮಾರಿದ್ದು ಬಂಡೈ ನಾಮ್ಕೊ ಕಂಪನಿಯೇ. ಬೇರೆಯಾಗಿದ್ದು ಕಟ್ಟಿದ ಕೈ. ಫೈಟರ್ ಝಡ್ ಆರ್ಕ್ ಸಿಸ್ಟಮ್ ವರ್ಕ್ಸ್‌ನದು, 2014ರ ‘ಗಿಲ್ಟಿ ಗಿಯರ್ ಎಕ್ಸ್‌ಆರ್‌ಡಿ’ಯಲ್ಲಿ ಪಳಗಿದ ತಂಡದ ಕೆಲಸ.

ಆಟ ಬಿಡುಗಡೆಯಾದ 2018ರ ಜನವರಿಯಲ್ಲಿ ವಿಮರ್ಶಕರು ಮೊದಲು ಹೊಗಳಿದ್ದು ಅದರ ಚಿತ್ರಣವನ್ನು. ಸಾಮಾನ್ಯ 3ಡಿ ಆಟದಲ್ಲಿ ಒಂದು ಭಂಗಿಯಿಂದ ಇನ್ನೊಂದಕ್ಕೆ ಕಂಪ್ಯೂಟರೇ ನಯವಾಗಿ ಜಾರಿಸುತ್ತದೆ. ಈ ತಂಡ ಆ ಜಾರಿಕೆಯನ್ನೇ ತೆಗೆದುಹಾಕಿ, ಭಂಗಿಗಳನ್ನು ಕೈಯಾರೆ ಕೂರಿಸಿ, ಒಂದೊಂದನ್ನೂ ಕೆಲವು ಫ್ರೇಮ್ (ಪರದೆಯ ಮೇಲೆ ಒಂದರ ಹಿಂದೊಂದು ಬರುವ ಬಿಡಿ ಚಿತ್ರ) ಹಿಡಿದು ನಿಲ್ಲಿಸುತ್ತದೆ. ಕೆನ್ನೆಯ ಮೇಲೆ ನೆರಳಿನ ಗೆರೆ ಎಲ್ಲಿ ಮುರಿಯಬೇಕೆಂಬುದೂ ಕಲಾವಿದನ ತೀರ್ಮಾನ. ಹಾಗಾಗಿ ಮಾಡೆಲ್ 3ಡಿ ಆದರೂ ಕಣ್ಣಿಗೆ ಕಾಣುವುದು ಕೈಯಲ್ಲಿ ಬಿಡಿಸಿದ ಅನಿಮೆ. ಜಂಪ್ ಫೋರ್ಸ್ ಗೋಕುವಿಗೆ ನಿಜವಾದ ಚರ್ಮ, ನಿಜವಾದ ಬಟ್ಟೆ ಹೊದಿಸಲು ಹೋಗಿ ಪ್ಲಾಸ್ಟಿಕ್ ಬೊಂಬೆ ಮಾಡಿತು.

ಕಥೆಯ ಬಗ್ಗೆ ನಿಮ್ಮ ದೂರು ಆ ವಿಮರ್ಶೆಗಳಲ್ಲೂ ಇತ್ತು. ಮೂರು ಅಧ್ಯಾಯಗಳ ತುಂಬ ತದ್ರೂಪಿಗಳೊಂದಿಗೇ ಕಾದಾಟ, ಸವಾಲಂತೂ ಇಲ್ಲ ಎಂದು ಹಲವರು ಬರೆದಿದ್ದರು. ಆದರೂ ಅಂಕ ಅಷ್ಟೇನೂ ಇಳಿಯಲಿಲ್ಲ. ಫೈಟಿಂಗ್ ಆಟಕ್ಕೆ ಅಂಕ ಕೊಡುವವರಿಗೆ ಕಥೆ ಎಲೆಯ ತುದಿಯ ಉಪ್ಪಿನಕಾಯಿ, ಊಟವೆಂದರೆ ಇಬ್ಬರ ನಡುವಿನ ಕಾದಾಟ. ಅದೇ ವರ್ಷ ಲಾಸ್ ವೇಗಸ್‌ನ ‘ಇವೊ’ ಫೈಟಿಂಗ್ ಆಟಗಳ ಪಂದ್ಯಾವಳಿಯಲ್ಲಿ ಅತಿ ಹೆಚ್ಚು ಆಟಗಾರರು ಹೆಸರು ಕೊಟ್ಟಿದ್ದು ಈ ಆಟಕ್ಕೆ. ಒಂಟಿಯಾಗಿ ಆಡುವವರಿಗೆ 87 ದುಬಾರಿ ಅಂಕ ಎಂಬುದನ್ನು ನಾವೂ ಒಪ್ಪುತ್ತೇವೆ.

ಇನ್ನು ನೀವು ಹೇಳಿದ ಹಾರಿಬಂದು ಬಡಿಯುವ ನಡೆ, ಅದರ ಹೆಸರು ಸೂಪರ್ ಡ್ಯಾಶ್. ಸಾಧಾರಣ ಕೀ ಬ್ಲಾಸ್ಟ್‌ಗಳನ್ನು (ಪಾತ್ರಗಳು ಎಸೆಯುವ ಶಕ್ತಿಯ ಗುಂಡುಗಳು) ಅದು ಸೀಳಿಕೊಂಡೇ ಬರುತ್ತದೆ, ಹಾಗಾಗಿ ಗುಂಡು ಹಾರಿಸಿ ತಡೆಯಲು ಹೋಗಬೇಡಿ. ಮುಖ್ಯ ಮದ್ದು: ಕೆಳಗೆ ಒತ್ತಿಹಿಡಿದು ಹೆವಿ (ಬಲವಾದ ಹೊಡೆತದ) ಬಟನ್. ಆ ಹೊಡೆತದಲ್ಲಿ ಮೇಲಿನಿಂದ ಬರುವ ಏಟು ನಿಮಗೆ ತಾಗುವುದಿಲ್ಲ. ಟ್ರೇನಿಂಗ್ ಮೋಡ್‌ನಲ್ಲಿ ಎದುರಾಳಿಯಾಗಿ ನಿಲ್ಲುವ ಬೊಂಬೆಗೆ ಸೂಪರ್ ಡ್ಯಾಶ್ ರೆಕಾರ್ಡ್ ಮಾಡಿಸಿ, ಒಮ್ಮೆ ಅರ್ಧ ಪರದೆಯಿಂದ, ಒಮ್ಮೆ ಕೊನೆಯಿಂದ ಬಿಟ್ಟು ಅಭ್ಯಾಸ ಮಾಡಿ. ಸುಮ್ಮನೆ ಅಂದಾಜಿಗೆ ಒತ್ತಿದರೆ ಮಾತ್ರ ಕೆಟ್ಟಿರಿ. ಹೊಡೆತ ಗಾಳಿಗೆ ಹೋದರೆ ಚೇತರಿಸಿಕೊಳ್ಳಲು ಸಮಯ ಹಿಡಿಯುತ್ತದೆ, ಅಷ್ಟರಲ್ಲಿ ಎದುರಾಳಿಯ ಕಾಂಬೊ (ಹೊಡೆತಗಳ ಸರಣಿ) ಶುರುವಾಗಿರುತ್ತದೆ.

ಮನೆಯಲ್ಲಿ ಕೂಡಿಬಂದದ್ದು ಆನ್‌ಲೈನ್‌ನಲ್ಲಿ ತಪ್ಪುತ್ತದೆಯೇ? ಆನ್‌ಲೈನ್ ಬಗೆಗಿನ ನಿಮ್ಮ ಎರಡು ದೂರುಗಳೂ ಕೂಡುವುದು ಇಲ್ಲೇ. ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದಕ್ಕೆ ಸುಮಾರು 16.7 ಮಿಲಿಸೆಕೆಂಡ್. ಪಿಂಗ್, ಅಂದರೆ ಸಂಕೇತ ಎದುರಾಳಿಯತ್ತ ಹೋಗಿಬರುವ ಸಮಯ, 100 ಮಿಲಿಸೆಕೆಂಡ್ ಇದ್ದರೆ ಒಂದು ಬದಿಯ ಪಯಣಕ್ಕೆ 50, ಅಂದರೆ 3 ಫ್ರೇಮ್. ಹಳೆಯ ಡಿಲೇ ಪದ್ಧತಿಯಲ್ಲಿ ಎದುರಾಳಿಯ ಬಟನ್ ಬಂದು ತಲುಪುವವರೆಗೆ ನಿಮ್ಮದನ್ನೂ ತಡೆಹಿಡಿಯುತ್ತಾರೆ. ತಡ ಒಂದೇ ಸಮ ಇದ್ದರೆ ಕೈ ಒಗ್ಗಿಕೊಂಡೀತು. ವೈಫೈನಲ್ಲಿ ಅದು ಈಗ 3, ಇನ್ನೊಂದು ಕ್ಷಣಕ್ಕೆ 7 ಆಗುವುದರಿಂದಲೇ ಲೆಕ್ಕ ತಪ್ಪುವುದು. ಮೊದಲು ಲ್ಯಾನ್ ಕೇಬಲ್ ಎಳೆಯಿರಿ.

ಎದುರಾಳಿಯ ನಡೆಯನ್ನು ಊಹಿಸಿ ಆಟ ಮುಂದುವರಿಸುವ, ಊಹೆ ತಪ್ಪಿದರೆ ಹಿಂದಕ್ಕೆ ಸರಿದು ತಿದ್ದಿಕೊಳ್ಳುವ ರೋಲ್‌ಬ್ಯಾಕ್ ಈ ಆಟಕ್ಕೆ ಬಂದಿದ್ದು 2024ರಲ್ಲಿ, ಅದೂ ಪಿಸಿ, ಪಿಎಸ್5, ಎಕ್ಸ್‌ಬಾಕ್ಸ್ ಸೀರೀಸ್‌ಗಳಿಗೆ ಮಾತ್ರ. ನಿಮ್ಮ ಪಿಎಸ್4 ಆವೃತ್ತಿ ಇನ್ನೂ ಹಳೆಯ ಪದ್ಧತಿಯಲ್ಲೇ ಇದೆ. ಪಿಎಸ್5 ಕೊಂಡರೆ ಆಟವನ್ನು ಮತ್ತೆ ಕೊಳ್ಳಬೇಕಿಲ್ಲ, ಅಪ್‌ಗ್ರೇಡ್ ಉಚಿತ. ಇನ್‌ಸ್ಟಾಲ್ ಆಗಿರುವುದು ಪಿಎಸ್5 ಆವೃತ್ತಿಯೇ ಎಂದು ಖಚಿತಪಡಿಸಿಕೊಳ್ಳಿ. ಏಕೆಂದರೆ ಪಿಎಸ್5 ಯಂತ್ರದಲ್ಲಿ ಪಿಎಸ್4 ಆವೃತ್ತಿಯೂ ಓಡುತ್ತದೆ.