ಒಬ್ಬರ ಪಾಪಕ್ಕೆ ಇನ್ನೊಬ್ಬರು ಸಾಯುವುದು ನ್ಯಾಯವೇ? ಯೇಸುವಿನ ಮರಣದ ಬಗ್ಗೆ ಕ್ರೈಸ್ತರು ನಿಜವಾಗಿ ಏನು ನಂಬುತ್ತಾರೆ?

ನೀವು ಎರಡು ವಿಷಯ ಕೇಳಿದ್ದೀರಿ. ‘ಮಾಡಿದ್ದುಣ್ಣೋ ಮಹರಾಯ’ ಅಂತ ಕೇಳಿ ಬೆಳೆದವರಿಗೆ, ನಮ್ಮ ಪಾಪಕ್ಕಾಗಿ ಯೇಸು ಸತ್ತ ಅನ್ನುವ ಮಾತು ನ್ಯಾಯ ಅನ್ನಿಸುವುದಿಲ್ಲ ಎಂಬುದು ಒಂದು. ಕೋಲಾರದಲ್ಲಿ ನಿಮ್ಮ ಜೊತೆ ಕೆಲಸ ಮಾಡುವವರು ಯೇಸು ಸತ್ತ ದಿನವನ್ನು ನೆನೆಯುವ ಗುಡ್ ಫ್ರೈಡೇ ಆರಾಧನೆಗೆ ಕರೆದಿದ್ದಾರೆ, ಅಲ್ಲಿ ಏನು ನಡೆಯುತ್ತದೆ, ಹೇಗೆ ನಡೆದುಕೊಳ್ಳಬೇಕು ಎಂಬುದು ಇನ್ನೊಂದು. ನಾನು ಕ್ರೈಸ್ತ, ಸಂಡೇ ಸ್ಕೂಲಿನಲ್ಲಿ ಕಲಿಸುವುದೂ ಇದನ್ನೇ. ಮೊದಲನೆಯದಕ್ಕೆ ಹೆಚ್ಚು ಜಾಗ ಕೊಡುತ್ತೇನೆ. ಅದು ಗೊತ್ತಿಲ್ಲದೆ ಹೋದರೆ ಮೂರು ಗಂಟೆ ಬೆಂಚಿನ ಮೇಲೆ ಸುಮ್ಮನೆ ಕೂತು ಎದ್ದು ಬಂದ ಹಾಗಾಗುತ್ತದೆ.

ನಿಮ್ಮ ಆಕ್ಷೇಪಣೆ ಬೈಬಲ್ಲಿನೊಳಗೇ ಇದೆ. ಯೆಹೆಜ್ಕೇಲನ ಪುಸ್ತಕದ 18ನೇ ಅಧ್ಯಾಯ ಪೂರ್ತಿ ಇದೇ ವಿಚಾರ: ಅಪ್ಪನ ದೋಷವನ್ನು ಮಗ ಹೊರುವುದಿಲ್ಲ, ಮಗನದನ್ನು ಅಪ್ಪ ಹೊರುವುದಿಲ್ಲ. ಯೇಸುವಿನ ಸಂದೇಶವನ್ನು ಊರೂರಿಗೆ ಸಾರಿದ ಪೌಲನೂ ಗಲಾತ್ಯದವರಿಗೆ ಬರೆದ ಪತ್ರದ 6ನೇ ಅಧ್ಯಾಯದಲ್ಲಿ, ಬಿತ್ತಿದ್ದನ್ನೇ ಕೊಯ್ಯಬೇಕು ಅನ್ನುತ್ತಾನೆ. ಅಂದರೆ ಕರ್ಮಕ್ಕೆ ಫಲ ಇದೆ ಅನ್ನುವುದನ್ನು ಕ್ರೈಸ್ತರು ಅಲ್ಲಗಳೆಯುವುದಿಲ್ಲ. ಆ ಲೆಕ್ಕದಲ್ಲಿ ಪಾಸಾಗುವ ಮನುಷ್ಯ ಒಬ್ಬನೂ ಇಲ್ಲ, ನಮ್ಮ ಪುಣ್ಯದಿಂದ ಅದನ್ನು ತೀರಿಸಲಾಗದು, ಇದು ಅವರ ಮಾತು. ಪಾಪ ಎಂದರೆ ಅವರಿಗೆ ಬರೀ ಕೆಟ್ಟ ಕೆಲಸಗಳ ಪಟ್ಟಿಯಲ್ಲ, ದೇವರಿಂದ ಮುಖ ತಿರುಗಿಸಿಕೊಂಡ ಸ್ಥಿತಿ. ಕೆಲಸಗಳು ಅದರಿಂದ ಹುಟ್ಟುವಂಥವು.

ಇನ್ನು ಚರ್ಚಿನ ಪ್ರಸಂಗಗಳಲ್ಲಿ, ಅಂದರೆ ಉಪದೇಶಗಳಲ್ಲಿ, ಹೆಚ್ಚಾಗಿ ಕೇಳಿಬರುವ ಉತ್ತರ: ಸಾಲಗಾರ ಕಟ್ಟಲಾರದಾಗ ಜಾಮೀನು ಹಾಕಿದವನು ಕಟ್ಟುತ್ತಾನಲ್ಲ, ಯೇಸು ಹಾಗೆ. ಈ ಹೋಲಿಕೆ ಅರ್ಧ ದಾರಿಗೆ ಕೈಕೊಡುತ್ತದೆ. ಹಣವನ್ನು ಬೇರೊಬ್ಬ ಕಟ್ಟಬಹುದು, ಶಿಕ್ಷೆಯನ್ನು ಕಟ್ಟಲಾಗದು. ತಪ್ಪು ಮಾಡದವನನ್ನು ಹಿಡಿದು ಶಿಕ್ಷಿಸಿದ ನ್ಯಾಯಾಧೀಶನನ್ನು ಯಾರೂ ಒಳ್ಳೆಯವನು ಅನ್ನುವುದಿಲ್ಲ. ನಿಮಗೆ ತೊಡಕಾಗಿರುವುದೂ ಇಲ್ಲೇ. ಆದ್ದರಿಂದ ಜಾಮೀನುದಾರನನ್ನು ಬಿಟ್ಟು ಸಾಲ ಕೊಟ್ಟವನ ಕಡೆ ನೋಡಿ. 50,000 ರೂಪಾಯಿ ಕೈಸಾಲ ಕೊಟ್ಟವನು ‘ಬಿಡಪ್ಪ, ಕೊಡಬೇಡ’ ಅಂದರೆ ಆ ದುಡ್ಡು ಮಾಯವಾಗುವುದಿಲ್ಲ. ನಷ್ಟ ಅವನ ತಲೆಯ ಮೇಲೆ ಕೂರುತ್ತದೆ. ಕ್ಷಮಿಸಿದವನೇ ನಷ್ಟ ಹೊರುತ್ತಾನೆ. ಶಿಲುಬೆಯಲ್ಲಿ ನಡೆದದ್ದು ಇದು ಎಂಬುದು ಕ್ರೈಸ್ತರ ನಂಬಿಕೆ.

ದೇವರು, ಪಾಪಿ, ನಡುವೆ ಸಿಕ್ಕಿಬಿದ್ದ ಅಮಾಯಕ, ಹೀಗೆ ಮೂರು ಜನರ ಚಿತ್ರ ಬರೆದುಕೊಂಡರೆ ಇಡೀ ವಿಷಯ ಕ್ರೂರವಾಗಿ ಕಾಣುತ್ತದೆ. ಕ್ರೈಸ್ತರ ಚಿತ್ರದಲ್ಲಿ ಇರುವುದು ಎರಡೇ ಪಕ್ಷ, ದೇವರು ಮತ್ತು ಮನುಷ್ಯ. ಯೇಸು ಎರಡೂ ಹೌದು. ‘ದೇವರು ಕ್ರಿಸ್ತನಲ್ಲಿದ್ದು ಲೋಕವನ್ನು ತನ್ನೊಂದಿಗೆ ಸಮಾಧಾನ ಮಾಡಿಕೊಂಡನು’ ಎಂಬ ಅರ್ಥದ ಮಾತು ಕೊರಿಂಥದವರಿಗೆ ಬರೆದ ಎರಡನೇ ಪತ್ರದ 5ನೇ ಅಧ್ಯಾಯದಲ್ಲಿದೆ. ಅನ್ಯಾಯಕ್ಕೆ ಒಳಗಾದವನೇ ಬಂದು ನಷ್ಟ ಹೊತ್ತ ಎಂದಾಗ ನಿಮ್ಮ ಪ್ರಶ್ನೆಯ ಮೊನೆ ಬೇರೆ ಕಡೆ ತಿರುಗುತ್ತದೆ: ಹಾಗಾದರೆ ಯೇಸು ಯಾರು?

ಮೊದಲ ಶತಮಾನಗಳ ಸಭೆ, ಅಂದರೆ ಕ್ರೈಸ್ತ ಸಮುದಾಯ, ಇಷ್ಟೊಂದು ವಾದ ಮಾಡಿದ್ದು ಅದಕ್ಕಾಗಿಯೇ. 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪ್‌ಗಳು, ಮಗನು (ಯೇಸು) ತಂದೆಯಷ್ಟೇ ಪೂರ್ಣವಾಗಿ ದೇವರು, ಸೃಷ್ಟಿಯಾದವನಲ್ಲ ಎಂದು ತೀರ್ಮಾನಿಸಿದರು. 451ರಲ್ಲಿ ಕ್ಯಾಲ್ಸಿಡನ್‌ನಲ್ಲಿ, ಒಬ್ಬನೇ ವ್ಯಕ್ತಿ, ಪೂರ್ಣ ದೇವರು, ಪೂರ್ಣ ಮನುಷ್ಯ ಎಂದರು. ಒಣ ಪಾಂಡಿತ್ಯ ಅನ್ನಿಸಬಹುದು, ಆದರೆ ಎರಡರಲ್ಲಿ ಒಂದನ್ನು ತೆಗೆದು ನೋಡಿ. ಬರೀ ಮನುಷ್ಯನಾಗಿದ್ದರೆ ಒಬ್ಬ ನಿರಪರಾಧಿಗೆ ಅನ್ಯಾಯವಾಯಿತು, ಅಷ್ಟೇ. ಮನುಷ್ಯ ವೇಷದ ದೇವರಾಗಿದ್ದರೆ ಹಸಿವೂ ನೋವೂ ಸಾವೂ ನಾಟಕವಾಯಿತು. ನಮ್ಮ ಕಡೆ ಅನೇಕರು ‘ಯೇಸುವೂ ಒಂದು ಅವತಾರ’ ಎಂದು ಪ್ರೀತಿಯಿಂದಲೇ ಹೇಳುತ್ತಾರೆ. ಕ್ರೈಸ್ತರು ಅದನ್ನು ಒಪ್ಪದಿರುವುದು ಬಿಂಕದಿಂದಲ್ಲ. ಅವರ ಪ್ರಕಾರ ಇದು ಒಂದೇ ಸಲ ಆದದ್ದು, ಮತ್ತೆ ಮತ್ತೆ ಆಗುವಂಥದ್ದಲ್ಲ. ತೊಟ್ಟ ಮನುಷ್ಯತ್ವವನ್ನು ಅವನು ಆಮೇಲೆ ಕಳಚಿಡಲಿಲ್ಲ, ಈಗಲೂ ಮನುಷ್ಯನೇ.

ಆ ಮರಣ ಹೇಗೆ ಕೆಲಸ ಮಾಡುತ್ತದೆ ಎನ್ನುವುದಕ್ಕೆ ಮಾತ್ರ ಒಂದೇ ವಿವರಣೆ ಇಲ್ಲ. ಮರಣವನ್ನೂ ಸೈತಾನನನ್ನೂ ಗೆದ್ದ ಯುದ್ಧ ಎಂದು ಹಳೆಯ ಕಾಲದವರು ಒತ್ತಿ ಹೇಳಿದರು. ದೇವರ ಗೌರವಕ್ಕೆ ಸಲ್ಲಬೇಕಾದದ್ದು ಸಂದಿತು ಎಂದು 11ನೇ ಶತಮಾನದ ಕೊನೆಯಲ್ಲಿ ಆನ್ಸೆಲ್ಮ್ ಎಂಬ ಕ್ರೈಸ್ತ ಪಂಡಿತ ವಾದಿಸಿದ. ನಮಗೆ ಬರಬೇಕಾದ ಶಿಕ್ಷೆ ಅವನ ಮೇಲೆ ಬಿತ್ತು ಎಂಬುದು ಪ್ರಾಟೆಸ್ಟಂಟ್ ಪಂಥವನ್ನು ಶುರುಮಾಡಿದ 16ನೇ ಶತಮಾನದ ಸುಧಾರಕರ ಒತ್ತು. ಕೋಲಾರದ ಕಡೆಯ ಪ್ರಾಟೆಸ್ಟಂಟ್ ಸಭೆಗಳಲ್ಲಿ ನೀವು ಹೆಚ್ಚಾಗಿ ಕೇಳುವುದು ಈ ಕೊನೆಯದನ್ನೇ. ಆದರೆ ನಂಬಿಕೆಯ ಸಾರವನ್ನು ಹೇಳುವ ನೈಸಿಯಾದ ವಿಶ್ವಾಸಪ್ರಮಾಣ ಇದರಲ್ಲಿ ಯಾವುದನ್ನೂ ಕಡ್ಡಾಯ ಮಾಡಿಲ್ಲ. ನಮಗಾಗಿ, ನಮ್ಮ ರಕ್ಷಣೆಗಾಗಿ ಮನುಷ್ಯನಾದನು, ಪೊಂತ್ಯ ಪಿಲಾತನ ಕಾಲದಲ್ಲಿ ನಮಗಾಗಿ ಶಿಲುಬೆಗೆ ಹಾಕಲ್ಪಟ್ಟನು ಎಂದಷ್ಟೇ ಹೇಳುತ್ತದೆ. ಪಿಲಾತನ ಹೆಸರು ಅಲ್ಲಿರುವುದು, ಇದು ಪುರಾಣಕಾಲದ ಮಾತಲ್ಲ, ಕ್ರಿ.ಶ. 26ರಿಂದ 36ರವರೆಗೆ ಯೂದಾಯದಲ್ಲಿ ಅಧಿಕಾರದಲ್ಲಿದ್ದ ಒಬ್ಬ ರೋಮನ್ ಅಧಿಕಾರಿಯ ಕಾಲದ್ದು ಎಂದು ಗುರುತಿಸಲು.

‘ಕ್ಷಮೆ ಪುಕ್ಕಟೆಯಾದರೆ ಎಷ್ಟು ಬೇಕಾದರೂ ತಪ್ಪು ಮಾಡಬಹುದಲ್ಲ?’ ಎಂಬ ಪ್ರಶ್ನೆಯೂ ಇದರ ಹಿಂದೆಯೇ ಬರುತ್ತದೆ. ಯೇಸುವಿನ ಬದುಕನ್ನು ಹೇಳುವ ಲೂಕನ ಸುವಾರ್ತೆಯ 19ನೇ ಅಧ್ಯಾಯದ ಜಕ್ಕಾಯನನ್ನು ನೋಡಿ. ಯೆರಿಕೋ ಊರಿನ ಸುಂಕದವರ ಮುಖ್ಯಸ್ಥ, ಕುಳ್ಳ, ಜನರ ನಡುವೆ ಕಾಣದೆ ಮರ ಹತ್ತಿದವನು. ಯೇಸು ಕೆಳಗೆ ನಿಂತು, ಇಳಿದು ಬಾ, ಇವತ್ತು ನಿನ್ನ ಮನೆಯಲ್ಲೇ ಇರಬೇಕು ಅನ್ನುತ್ತಾನೆ. ಆಗ ಅವನಿನ್ನೂ ಏನೂ ವಾಪಸು ಕೊಟ್ಟಿರಲಿಲ್ಲ. ಆಮೇಲೆ ಅವನೇ ಎದ್ದು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸು ಎನ್ನುತ್ತಾನೆ. ಈ ಕ್ರಮ ಬಹಳ ಮುಖ್ಯ. ಕ್ಷಮೆ ಮೊದಲು, ಬದಲಾವಣೆ ಅದರ ಹಿಂದೆ, ಆದರೆ ಬದಲಾವಣೆ ಬಂದೇ ಬರಬೇಕು. ಪಕ್ಕದವನ ಜಮೀನು ಒತ್ತುವರಿ ಮಾಡಿಕೊಂಡವನು ಪ್ರಾರ್ಥನೆ ಮಾಡಿ, ಬೇಲಿಯನ್ನು ಅಲ್ಲೇ ಬಿಟ್ಟರೆ ಅವನು ಈ ನಂಬಿಕೆಯನ್ನು ಹಿಡಿದಿಲ್ಲ.

ಮರಣ ಒಂದೇ ಇದ್ದಿದ್ದರೆ ಇದೆಲ್ಲ ಶೋಕದ ಕಥೆ. ಕ್ರಿಸ್ತನು ಎದ್ದು ಬರದಿದ್ದರೆ ನಿಮ್ಮ ನಂಬಿಕೆ ವ್ಯರ್ಥ ಎಂದು ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯ ನೇರವಾಗಿ ಹೇಳುತ್ತದೆ. ಎದ್ದದ್ದು ಆತ್ಮವಲ್ಲ, ದೇಹ. ಲೂಕನ 24ನೇ ಅಧ್ಯಾಯದಲ್ಲಿ ಅವನು ಶಿಷ್ಯರ ಮುಂದೆ ಸುಟ್ಟ ಮೀನಿನ ತುಂಡು ತಿನ್ನುತ್ತಾನೆ.

ಹೋಗುವ ಮೊದಲು ಓದಬೇಕೆಂದಿದ್ದರೆ ಮಾರ್ಕನ ಸುವಾರ್ತೆಯಿಂದ ಶುರುಮಾಡಿ. 16 ಅಧ್ಯಾಯ, ಎರಡು ಗಂಟೆಯೊಳಗೆ ಮುಗಿಯುತ್ತದೆ. ಅದರಲ್ಲಿ 11ರಿಂದ 16ರವರೆಗೆ ಬರೀ ಕೊನೆಯ ವಾರ. ಬೋಧನೆಗಿಂತ ಮರಣಕ್ಕೆ ಎಷ್ಟು ತೂಕ ಕೊಟ್ಟಿದ್ದಾರೆ ಎಂದು ಅಲ್ಲೇ ಕಾಣುತ್ತದೆ. ಮತ್ತಾಯನಿಂದ ಶುರುಮಾಡಿದವರು ಮೊದಲ ಪುಟದ ವಂಶಾವಳಿಯಲ್ಲೇ ನಿಂತುಬಿಡುತ್ತಾರೆ. ಆಮೇಲೆ ಯೆಶಾಯನ ಪುಸ್ತಕದ 53ನೇ ಅಧ್ಯಾಯ, ರೋಮಾಪುರದವರಿಗೆ ಬರೆದ ಪತ್ರದ 3ರಿಂದ 6ನೇ ಅಧ್ಯಾಯ. ಕ್ಯಾಥೊಲಿಕ್ ಬೈಬಲ್ಲಿನಲ್ಲಿ 73 ಪುಸ್ತಕ, ಪ್ರಾಟೆಸ್ಟಂಟರದರಲ್ಲಿ 66. ಬೈಬಲ್ಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ 27 ಇಬ್ಬರಿಗೂ ಒಂದೇ, ಯಾವುದು ಸಿಕ್ಕರೂ ಸಾಕು.

ಇನ್ನು ಆ ದಿನದ ಮಾತು. ಮೊದಲು ಯಾವ ಸಭೆ, ಯಾವ ಭಾಷೆ ಎಂದು ಕೇಳಿಕೊಳ್ಳಿ. ಕೋಲಾರದಲ್ಲಿ ಮೆಥಡಿಸ್ಟ್ ಸಭೆ ಅಮೆರಿಕನ್ ಮಿಷನರಿಗಳ ಕಾಲದಿಂದ ಬಂದದ್ದು. ತುಮಕೂರಿನ ವೆಸ್ಲಿಯನ್ನರೂ (ಬ್ರಿಟಿಷ್ ಮೆಥಡಿಸ್ಟರು) ಚಿಕ್ಕಬಳ್ಳಾಪುರದ ಲಂಡನ್ ಮಿಷನ್ನಿನವರೂ 1947ರಲ್ಲಿ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸೇರಿದವರು. ಕೆಜಿಎಫ್‌ನಲ್ಲಿ ಕ್ಯಾಥೊಲಿಕರು ಬಹಳ, ಅಲ್ಲಿ ಆರಾಧನೆ ತಮಿಳಿನಲ್ಲಿರುವ ಸಾಧ್ಯತೆಯೂ ಇದೆ.

ಮೆಥಡಿಸ್ಟ್, ಸಿ.ಎಸ್.ಐ. ಸಭೆಗಳಲ್ಲಿ ಸಾಮಾನ್ಯವಾಗಿ ಮಧ್ಯಾಹ್ನ 12ರಿಂದ 3. ಯೇಸು ಶಿಲುಬೆಯ ಮೇಲೆ ಆಡಿದ ಏಳು ಮಾತುಗಳು, ಒಂದೊಂದಕ್ಕೂ ಒಂದು ಕೀರ್ತನೆ, ಒಂದು ಪ್ರಸಂಗ. ನಾಲ್ಕನೇ ಮಾತಿಗೆ ಕಿವಿಗೊಡಿ: ‘ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ?’ ಹೊಸದಾಗಿ ಕೇಳುವವರು ಎಡವುವುದು ಇಲ್ಲಿ. ತಾನೇ ದೇವರಾದರೆ ಕರೆದದ್ದು ಯಾರನ್ನು? ಕರೆದದ್ದು ಮಗ, ತಂದೆಯನ್ನು. ಮುಖ ತಿರುಗಿಸಿಕೊಂಡ ಮನುಷ್ಯ ನಿಲ್ಲಬೇಕಾದ ಜಾಗದಲ್ಲಿ ಅವನು ನಿಂತಿದ್ದಾನೆ. ಅದು ಬೈಬಲ್ಲಿನ ಕೀರ್ತನೆಗಳ ಪುಸ್ತಕದ 22ನೇ ಕೀರ್ತನೆಯ ಮೊದಲ ಸಾಲು ಕೂಡ, ಆ ಕೀರ್ತನೆ ಮುಗಿಯುವುದು ಸ್ತೋತ್ರದಲ್ಲಿ.

ಕ್ಯಾಥೊಲಿಕ್ ಚರ್ಚಿನಲ್ಲಿ ಆವತ್ತು ಬಲಿಪೂಜೆ (ಮಾಸ್) ಇಲ್ಲ. ಬರಿದಾದ ಪೀಠದ ಮುಂದೆ ಫಾದರ್ ಮೌನವಾಗಿ ನೆಲಕ್ಕೆ ಬೀಳುತ್ತಾರೆ, ಯೊವಾನ್ನನ ಸುವಾರ್ತೆಯ 18, 19ನೇ ಅಧ್ಯಾಯ ಓದುತ್ತಾರೆ, ಹತ್ತು ದೀರ್ಘ ಪ್ರಾರ್ಥನೆ, ನಂತರ ಶಿಲುಬೆಗೆ ನಮನ, ಕೊನೆಗೆ ಹಿಂದಿನ ದಿನ ಪವಿತ್ರೀಕರಿಸಿಟ್ಟ ರೊಟ್ಟಿ, ಅಂದರೆ ಪರಮಪ್ರಸಾದ. ಶಿಲುಬೆಗೆ ನಮಿಸಲು ನೀವೂ ಹೋಗಬಹುದು, ಹೋಗದಿದ್ದರೂ ಯಾರೂ ಏನೂ ಅನ್ನುವುದಿಲ್ಲ. ಪರಮಪ್ರಸಾದದ ಸಾಲಿಗೆ ಮಾತ್ರ ನಿಲ್ಲಬೇಡಿ. ದೇವಸ್ಥಾನದ ಪ್ರಸಾದದಂತೆ ಎಲ್ಲರಿಗೂ ಕೊಡುವಂಥದ್ದಲ್ಲ, ದೀಕ್ಷಾಸ್ನಾನ ಪಡೆದು ಸಭೆಗೆ ಸೇರಿದವರಿಗೆ ಮೀಸಲು. ಕೂತಲ್ಲೇ ಕೂತಿರಿ.

ಬಿಳಿ ಅಥವಾ ಸಾದಾ ಬಟ್ಟೆ ಸಾಕು. ಬಾಗಿಲಲ್ಲಿ ಚಪ್ಪಲಿ ಬಿಟ್ಟಿದ್ದರೆ ನೀವೂ ಬಿಡಿ. ಸಿಹಿ ತರಬೇಡಿ, ಎಷ್ಟೋ ಜನ ಉಪವಾಸ ಇರುತ್ತಾರೆ. ‘ಹ್ಯಾಪಿ ಗುಡ್ ಫ್ರೈಡೇ’ ಅಂತ ವಾಟ್ಸಾಪ್ ಕಳಿಸಬೇಡಿ. ಶುಭಾಶಯ ಹೇಳುವುದು ಭಾನುವಾರ, ಈಸ್ಟರಿಗೆ. ಕಾಣಿಕೆ ಚೀಲ ನಿಮ್ಮ ಮುಂದೆ ಬಂದರೆ ಹಾಕಲೇಬೇಕೆಂದಿಲ್ಲ, ಪಕ್ಕದವರಿಗೆ ದಾಟಿಸಿದರೆ ಆಯಿತು.